ಸಿಲೋನಿನಲ್ಲಿ ಹೇಳಿದ ನಿಜ

೧೯೭೦ರ ಬೇಸಿಗೆ ರಜೆಯಲ್ಲಿ ಮೈಸೂರಿನ ಕಾಲೇಜೊಂದು ಐದು ಜನ ವಿದ್ಯಾರ್ಥಿನಿಯರನ್ನು ಸಿಲೋನಿನ ಟೀ ತೋಟಕ್ಕೆ ಕಳಿಸಿತು. ಮೂರು ವಾರ ಅಲ್ಲಿ ಶ್ರಮದಾನ ಮಾಡಬೇಕು, ಯಾವ ದೇಶವೂ ತನ್ನವರೆಂದು ಒಪ್ಪದ ತಮಿಳು ಕೂಲಿಗಳ ಬದುಕನ್ನು ತಿಳಿದುಕೊಂಡು ಬರಬೇಕು. ಐವರಲ್ಲಿ ಕಟ್ಟೆಮಳಲವಾಡಿ ಎಂಬ ಹಳ್ಳಿಯ ಚಿಕ್ಕಸಿದ್ದಮ್ಮನೂ ಒಬ್ಬಳು.

ಸುದ್ದಿ ಕೇಳಿದ ಅವಳ ಅಪ್ಪ ಅಂಕಯ್ಯ ನಕ್ಕುಬಿಟ್ಟ. "ಬಡವ್ರ್ನ ನೋಡಕ್ಕೆ ಸಮುದ್ರ ದಾಟ್ಬೇಕಾ? ಇಲ್ಲೇ ಕುಂತಿವ್ನಲ್ಲ, ನೋಡ್ಕೊ ಕಣವ್ವ."

"ಓಗಿ ಬರ್ಲಿ ಬುಡಿ," ಎಂದಳು ಅವ್ವ ಕುಳ್ಳಮ್ಮ.

ಇಬ್ಬರೂ ಸಾಹುಕಾರರೊಬ್ಬರ ಬ್ಯಾರನ್ನಿನಲ್ಲಿ, ಎಂದರೆ ಹೊಗೆಸೊಪ್ಪನ್ನು ಕೋಲಿಗೆ ಕಟ್ಟಿ ಬಿಸಿಗೆ ಒಣಗಿಸುವ ಮನೆಯಲ್ಲಿ, ಕೂಲಿ ಮಾಡುತ್ತಿದ್ದರು. ಚಿಕ್ಕಸಿದ್ದಮ್ಮ ಮಾತ್ರ ಹಾಸ್ಟೆಲಿಗೆ ಸೇರಿದ ಹೊಸತರಲ್ಲಿ, ಬ್ಯಾರನ್ ನಮ್ಮದೇ ಎಂದುಬಿಟ್ಟಿದ್ದಳು. ಆ ಸುಳ್ಳನ್ನು ಕಾಪಾಡುವುದೇ ಎರಡು ವರ್ಷದಿಂದ ಒಂದು ಕೆಲಸವಾಗಿತ್ತು. ಅವ್ವ ನೋಡಲು ಬರುತ್ತೇನೆಂದಾಗಲೆಲ್ಲ ಪರೀಕ್ಷೆಯ ನೆವ ಹೇಳುತ್ತಿದ್ದಳು.

ರಾಮೇಶ್ವರದಲ್ಲಿ ಹಡಗು ಹತ್ತಿ, ಆಮೇಲೆ ರೈಲು, ಬಸ್ಸು ಹಿಡಿದು ತೋಟ ಮುಟ್ಟಿದರು. ಕೂಲಿಗಳ ಮನೆಗಳು ಸಾಲಾಗಿದ್ದವು, ಸಂಸಾರಕ್ಕೊಂದೇ ಕೋಣೆ. ಅವರಿಗಾಗಿ ಕಕ್ಕಸಿನ ಗುಂಡಿ ತೋಡುವುದು ಹುಡುಗಿಯರ ಕೆಲಸ. ಮೊದಲ ದಿನವೇ ಜೊತೆಯವರ ಅಂಗೈಯಲ್ಲಿ ಬೊಬ್ಬೆ ಎದ್ದವು. ಚಿಕ್ಕಸಿದ್ದಮ್ಮ ಸೆರಗು ಸಿಕ್ಕಿಸಿ, ಮಧ್ಯಾಹ್ನದೊಳಗೆ ಸೊಂಟದಾಳ ತೋಡಿದಳು.

ಅವಳ ಗುದ್ದಲಿಯ ಕೈಯನ್ನೇ ನೋಡುತ್ತಿದ್ದ ಸೆಲ್ಲಮ್ಮ ಎಂಬ ಟೀ ಕೀಳುವ ಹೆಂಗಸು ತಮಿಳಿನಲ್ಲಿ ಏನೋ ಕೇಳಿದಳು. ಜೊತೆಗೆ ಬಂದಿದ್ದ ಕಾಲೇಜಿನ ಮೇಡಂ ಸುನಂದಮ್ಮನವರಿಗೆ ತಮಿಳು ಬರುತ್ತಿತ್ತು.

"ನಿಮ್ಮಮ್ಮ ಏನು ಕೆಲಸ ಮಾಡ್ತಾರೆ ಅಂತ ಕೇಳ್ತಿದಾಳೆ. ಸಾಹುಕಾರರ ಮನೆಯವರು ಅಂತ ಹೇಳಲೇನೇ?"

ಚಿಕ್ಕಸಿದ್ದಮ್ಮ ಸೆಲ್ಲಮ್ಮನ ಬೆರಳು ನೋಡಿದಳು. ಟೀ ಎಲೆಯ ಕರೆ ಹಿಡಿದು ತುದಿಗಳು ಕಪ್ಪಾಗಿದ್ದವು.

"ಬೇಡಿ ಮೇಡಂ. ನಮ್ಮವ್ವ ಕೂಲಿ. ಹೊಗೆಸೊಪ್ಪು ಕಟ್ತಾಳೆ. ಅವಳ ಬೆರಳೂ ಇಂಗೇ ಅದೆ."

"ಮತ್ತೆ ಬ್ಯಾರನ್?" ಗೆಳತಿಯೊಬ್ಬಳು ಕೇಳಿದಳು.

"ನಮ್ದಲ್ಲ ಕಣೇ. ನಾಚ್ಕೆಯಾಗಿ ಸುಳ್ಳೇಳಿದ್ದೆ."

ಸುನಂದಮ್ಮ ಅದನ್ನು ತಮಿಳಿನಲ್ಲಿ ಹೇಳಿದ್ದೇ ತಡ, ಸೆಲ್ಲಮ್ಮ ಹುಡುಗಿಯ ಕೈ ಹಿಡಿದು ತನ್ನ ಕೋಣೆಗೆ ಕರೆದೊಯ್ದಳು. ಬೆಲ್ಲ ಕಚ್ಚಿಕೊಂಡು ಕುಡಿಯುವ ಕರಿ ಟೀ ಕೊಟ್ಟಳು. ಆಮೇಲೆ ಒಂದೊಂದಾಗಿ ಕೇಳತೊಡಗಿದಳು. ಅವ್ವ ಎಷ್ಟು ಹೊತ್ತಿಗೆ ಏಳುತ್ತಾಳೆ? ನಿಂತೇ ಕೆಲಸವೋ, ಕೂತೋ? ಸೊಂಟ ನೋಯುತ್ತದೆಯೇ? ಕೆಲಸ ಮಾಡುವಾಗ ಯಾರ ಜೊತೆ ಮಾತಾಡುತ್ತಾಳೆ? ಸುನಂದಮ್ಮ ಎಲ್ಲವನ್ನೂ ಕನ್ನಡಕ್ಕೆ ತಿರುಗಿಸುತ್ತ ಹೋದರು. ಅರ್ಧಕ್ಕರ್ಧ ಪ್ರಶ್ನೆಗೆ ಚಿಕ್ಕಸಿದ್ದಮ್ಮನಿಗೆ ಉತ್ತರ ಗೊತ್ತಿರಲಿಲ್ಲ. ಅವಳು ತಲೆ ತಗ್ಗಿಸಿ ಅತ್ತಳು. ಸೆಲ್ಲಮ್ಮ ಲೋಟಕ್ಕೆ ಇನ್ನಷ್ಟು ಟೀ ಬಗ್ಗಿಸಿದಳು.

ಅಂದು ಸಂಜೆ ಗುಂಡಿಯ ಹತ್ತಿರ, ಬ್ಯಾರನ್ ಬಗ್ಗೆ ಕೇಳಿದ್ದ ಗೆಳತಿ ಬೊಬ್ಬೆಯ ಕೈಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದಳು. "ಗುದ್ದಲಿ ಹಿಡಿಯೋದು ಹೇಳ್ಕೊಡೇ," ಎಂದಳು, ಅಷ್ಟೇ.

ಮೈಸೂರಿಗೆ ಮರಳಿ ಕಾಲೇಜು ಶುರುವಾದ ಮೊದಲ ಭಾನುವಾರ ಚಿಕ್ಕಸಿದ್ದಮ್ಮ ಅವ್ವನನ್ನು ಹಾಸ್ಟೆಲಿಗೆ ಕರೆತಂದಳು. ಕುಳ್ಳಮ್ಮ ಮೊದಲು ಬಾಗಿಲಲ್ಲೇ ನಿಂತಳು. ಹುಡುಗಿಯರು ಮಂಚದ ಮೇಲೆ ಕೂರಿಸಿ, ಸೊಪ್ಪು ಕಟ್ಟುವುದು ಹೇಗೆಂದು ಕೇಳಿದರು.

"ಬಾಯಲ್ಲೇಳಿದ್ರೆ ಬರಾಕಿಲ್ಲ ಕಣ್ರವ್ವಾ," ಎಂದು ಅವಳು ದಾರಕ್ಕಾಗಿ ಒಬ್ಬಳ ಜಡೆಯ ರಿಬ್ಬನ್ ಬಿಚ್ಚಿಕೊಂಡಳು. ಅಂಗಳದಿಂದ ಬಾದಾಮಿ ಎಲೆ ತರಿಸಿ, ಕೊಡೆಯ ಕೋಲಿಗೆ ಎರಡೆರಡೇ ಜೋಡಿಸಿ ಬಿಗಿಯುತ್ತ, ತಪ್ಪು ಮಾಡಿದವರನ್ನು ಬಯ್ಯುತ್ತ, ಕೊನೆಯ ಬಸ್ಸಿನ ಹೊತ್ತಿನವರೆಗೂ ಏಳಲೇ ಇಲ್ಲ.