ಮಿಲಿಟರಿ ಇಂಜಿನ್ನಿನ ಲಾರಿ

"ಈಗ ಹೇಳ್ರಿ ಸಾವ್ಕಾರ್ರ, ಇದರಾಗ ಏನ್ ಕೊರತಿ ಐತಿ?" ಎಂದು ಚಮನಸಾಬ ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಕೇಳಿದ. ವಿಜಾಪುರದ ಸೊಲ್ಲಾಪುರ ರಸ್ತೆಯಲ್ಲಿದ್ದ ಅವನ ತಗಡಿನ ಗ್ಯಾರೇಜಿನೊಳಗೆ ಲಾರಿ ಗುರುಗುಟ್ಟುತ್ತ ನಿಂತಿತ್ತು. ಒಂದು ಬಿಕ್ಕಿಲ್ಲ, ಒಂದು ಕೆಮ್ಮಿಲ್ಲ. ನಿನ್ನೆ ಇದೇ ಲಾರಿ ತಿಕೋಟಾದ ದಾರಿಯಲ್ಲಿ ಪಳಗದ ಹೋರಿಯಂತೆ ಮುಗ್ಗರಿಸಿ, ಶೇಂಗಾ ಚೀಲಗಳ ಮೇಲೆ ಕೂತಿದ್ದ ಹಮಾಲರು ದೇವರ ಹೆಸರು ಕೂಗುವಂತೆ ಮಾಡಿತ್ತೆಂದರೆ ಯಾರೂ ನಂಬುವಂತಿರಲಿಲ್ಲ.

ಸಾವಕಾರ ಶಿವಶರಣಪ್ಪ ನಂಬಲೂ ಇಲ್ಲ. ಅವನು ಡ್ರೈವರ್ ಭಾಗಪ್ಪನ ಕಡೆ ತಿರುಗಿದ.

"ಇವನ ಗ್ಯಾರೇಜಿನ್ಯಾಗ ಬೆಕ್ಕಿನ ಮರಿ ಆಗಿರತೈತಿ. ನಿನ್ನ ಕೈಗೆ ಸಿಕ್ಕ ಕೂಡಲೆ ಮೈಮ್ಯಾಗ ಬಂದವರಂಗ ಕುಣೀತೈತಿ. ನಾ ಏನ್ ತಿಳೀಬೇಕಲೇ ಭಾಗಪ್ಪ?"

ಭಾಗಪ್ಪನಿಗೂ ಅದೇ ತಿಳಿಯದಾಗಿತ್ತು. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಇದ್ದಿಲ ಹೊಗೆಯ ಮೇಲೆ ಓಡಿಸಿ ಓಡಿಸಿ ಲಾರಿಯ ಹಳೆಯ ಇಂಜಿನ್ನು ಹಾಳಾಗಿತ್ತು. ಯುದ್ಧ ಮುಗಿದು ಮಿಲಿಟರಿಯವರು ಪುಣೆಯಲ್ಲಿ ತಮ್ಮ ಸಾಮಾನು ಮಾರಾಟಕ್ಕಿಟ್ಟಾಗ, ಈ ಇಂಜಿನ್ನನ್ನು ಕೊಳ್ಳಿರೆಂದು ಹೇಳಿದವನು ಮಿಲಿಟರಿಯಲ್ಲಿ ಲಾರಿ ಓಡಿಸಿ ಬಂದಿದ್ದ ಅವನೇ. "ಬರ್ಮಾದಾಗ ಇಂಥಾದ್ದರ ಮ್ಯಾಲ ನಾಕ್ ಮಳಿಗಾಲ ಕಳದೇನ್ರಿ. ಕಣ್ಣ ಮುಚ್ಚಿ ತಗೊಳ್ರಿ" ಎಂದಿದ್ದ. ಸಾವಕಾರ ಕಣ್ಣು ಮುಚ್ಚಿಯೇ ಕೊಂಡ. ಈಗ ಕಣ್ಣು ಬಿಟ್ಟು ನೋಡುತ್ತಿದ್ದಾನೆ.

ಭಾಗಪ್ಪ ಊರ ಹೊರಗಿನ ಕೇರಿಯವನು. ಆ ಕೇರಿಯಿಂದ ಲಾರಿಯ ಸ್ಟೇರಿಂಗ್ ಹಿಡಿದವನು ಅವನೊಬ್ಬನೇ. ಬಬಲೇಶ್ವರದ ಸಂತೆಯಲ್ಲಿ ಅವನು ಹಾರ್ನು ಒತ್ತಿದರೆ, ನಡೆದು ಹೋಗುವಾಗ ಯಾರಿಗೆ ಅವನೇ ದಾರಿ ಬಿಟ್ಟು ನಿಲ್ಲಬೇಕಾಗಿತ್ತೋ ಆ ಮಂದಿ ಕೂಡ ಬದಿಗೆ ಸರಿಯುತ್ತಿದ್ದರು. ಆ ಸುಖ ಹೇಳಿಕೊಳ್ಳುವಂಥದ್ದಲ್ಲ. ಹೆಂಡತಿ ರುಕ್ಮವ್ವನ ಮುಂದೆ ಕೂಡ ಅವನು ಹೇಳಿಕೊಂಡಿರಲಿಲ್ಲ. ಅದು ಎಷ್ಟು ಜನರ ಕಣ್ಣಿಗೆ ಚುಚ್ಚುತ್ತದೆಂಬುದು ಅವನಿಗೆ ಗೊತ್ತಿತ್ತು. ಎಲ್ಲರಿಗಿಂತ ಮುಂಚೆ ಸಾವಕಾರನ ಹೆಂಡತಿಯ ತಮ್ಮ ಬಸಗೊಂಡಪ್ಪನ ಕಣ್ಣಿಗೆ. ಅವನು ಅರೆಬರೆ ಡ್ರೈವಿಂಗ್ ಕಲಿತು, ಆ ಸೀಟು ಯಾವಾಗ ಖಾಲಿಯಾದೀತೆಂದು ಬಾಯಿ ತೆರೆದು ಕೂತಿದ್ದ.

ನೋಡುವುದನ್ನೆಲ್ಲ ನೋಡಿ ಆಗಿತ್ತು. ಚಮನಸಾಬ ಪ್ಲಗ್ಗುಗಳನ್ನು ಬಿಚ್ಚಿ ಉಜ್ಜಿ ಮತ್ತೆ ಕೂಡಿಸಿದ್ದ. ಇಂಜಿನ್ನು ಓಡುತ್ತಿರುವಾಗಲೇ ಒಂದೊಂದು ತಂತಿ ಕಿತ್ತು, ಯಾವ ಪ್ಲಗ್ಗು ಕೆಲಸಗಳ್ಳ ಎಂದು ಕಿವಿಗೊಟ್ಟು ಕೇಳಿದ್ದ, ಎಲ್ಲವೂ ನಿಯತ್ತಿನವೇ. ಕಿಡಿ ಹೊತ್ತುವ ವೇಳೆ ನೋಡಿದ್ದ, ವಾಲ್ವುಗಳ ಸಂದು ಅಳೆದಿದ್ದ. ಪೆಟ್ರೋಲಿನ ಮಾತು ಬಂದಾಗ ಭಾಗಪ್ಪನೇ ಅಡ್ಡ ಬಾಯಿ ಹಾಕಿದ್ದ: "ಅದನ್ನ ಕೇಳಬ್ಯಾಡ ಚಮನಣ್ಣ. ನಾಕ ಮಡಿಕಿ ಧೋತರದಾಗ ನಾನ ಸೋಸಿ ಹಾಕತೇನಿ. ನನ್ನ ಕೈಯಾಗಿಂದ ಒಂದು ಕಸ ಒಳಗ ಹೋಗೂದಿಲ್ಲ." ಸೋಸಿ ಹಾಕುವುದು ಅವನು ಮಿಲಿಟರಿಯಲ್ಲಿ ಕಲಿತ ರೂಢಿ, ಅವನ ಹೆಮ್ಮೆ. ಆ ಹೆಮ್ಮೆಗೆ ಚಮನಸಾಬನೂ ತಲೆಬಾಗಿ ಪೆಟ್ರೋಲಿನ ಟಾಕಿಯ ತಂಟೆಗೆ ಹೋಗಲಿಲ್ಲ.

"ನಾಳೆ ಬಬಲೇಶ್ವರದ ಸಂತಿ," ಎಂದ ಸಾವಕಾರ. "ನಾನೂ ನಿನ್ನ ಮಗ್ಗಲಕ ಕುಂದ್ರತೇನಿ. ತಿಕೋಟಾ ಹಾದು ಬಬಲೇಶ್ವರಕ್ಕ ಹೋಗೂಣು. ನಿನ್ನ ಕೈಯಾಗ ಮತ್ತ ಮುಗ್ಗರಸ್ತು ಅಂದ್ರ ಸ್ಟೇರಿಂಗ್ ಬಸಗೊಂಡಪ್ಪನ ಕೈಯಾಗ ಕೊಡತೇನಿ. ಆಮ್ಯಾಲ ನನ್ನ ಬೈಬ್ಯಾಡ."

ಮರುದಿನ ಬೆಳಿಗ್ಗೆ ಲಾರಿ ಊರು ದಾಟುವವರೆಗೆ ಮದುವಣಗಿತ್ತಿಯ ಹಾಗೆ ತಲೆ ತಗ್ಗಿಸಿ ನಡೆಯಿತು. ತೊರವಿ ದಾಟಿತು. ಭಾಗಪ್ಪನಿಗೆ ಉಸಿರು ಬಿಡಲೂ ಹೆದರಿಕೆ. ದಾರಿ ತಗ್ಗುದಿನ್ನೆಗೆ ಬಂದದ್ದೇ ತಡ, ಇಂಜಿನ್ನು ಒಂದು ಸಲ ಬಿಕ್ಕಿತು, ಮತ್ತೊಮ್ಮೆ ಬಿಕ್ಕಿತು. ಸಾವಕಾರನ ತಲೆ ಮುಂದಿನ ಗಾಜಿಗೆ ಬಡಿಯುವುದೊಂದು ಬಾಕಿ. ಭಡ್ ಭಡ್ ಎಂದು ಹೊಗೆ ಉಗುಳಿ, ಎರಡೂ ಬದಿಯ ಬಟಾಬಯಲು ಎರೆಹೊಲದ ನಡುವೆ ಲಾರಿ ನಿಂತೇಬಿಟ್ಟಿತು.

ಸಾವಕಾರ ಇಳಿದು ಹೋಗಿ ಜಾಲಿಯ ನೆರಳಿನಲ್ಲಿ ಬೆನ್ನು ತಿರುಗಿಸಿ ಕೂತ. ಬೈದಿದ್ದರೆ ಭಾಗಪ್ಪನಿಗೆ ಅಷ್ಟು ಅಂಜಿಕೆಯಾಗುತ್ತಿರಲಿಲ್ಲ. ಇಳಿದು ಹೋಗಿ ಜಾಲಿಯ ನೆರಳಿನಲ್ಲಿ ಬೆನ್ನು ತಿರುಗಿಸಿ ಕೂತ.

ಭಾಗಪ್ಪ ಬಾನೆಟ್ಟು ಎತ್ತಿದ. ಪ್ಲಗ್ಗುಗಳನ್ನು ಮತ್ತೆ ನೋಡುವುದರಲ್ಲಿ ಅರ್ಥವಿರಲಿಲ್ಲ. ಬೇರೇನೂ ತೋಚದೆ, ಪೆಟ್ರೋಲು ಬಂದು ನಿಲ್ಲುವ ಕಾರ್ಬುರೇಟರಿನ ಬಟ್ಟಲನ್ನು ಬಿಚ್ಚಿ ಅಂಗೈಯಲ್ಲಿ ಸುರುವಿಕೊಂಡ. ಪೆಟ್ರೋಲು ತಣ್ಣಗೆ ಹರಿದು ಗಾಳಿಗೆ ಆರಿತು. ಆರಿದ ಮೇಲೂ ಅಂಗೈಯ ನಡುವೆ ಒಂದು ಗುಂಡನೆಯ ಹನಿ ಉಳಿದಿತ್ತು. ಅಲುಗಿಸಿದರೆ ಉರುಳುತ್ತಿತ್ತು. ನಾಲಿಗೆಗೆ ಹಚ್ಚಿ ನೋಡಿದ. ನೀರು.

ಒಂದೇ ಕ್ಷಣದಲ್ಲಿ ಅವನಿಗೆ ಎಲ್ಲ ತಿಳಿದುಹೋಯಿತು. ಲಾರಿ ನಿಂತಲ್ಲೇ ನಿಂತಾಗ ನೀರು ಟಾಕಿಯ ತಳ ಹಿಡಿದು ಸುಮ್ಮನೆ ಕೂರುತ್ತದೆ, ಮೇಲಿನ ಪೆಟ್ರೋಲು ಇಂಜಿನ್ನಿಗೆ ಹೋಗುತ್ತದೆ. ಅದಕ್ಕೇ ಗ್ಯಾರೇಜಿನಲ್ಲಿ ಅದು ಬೆಕ್ಕಿನ ಮರಿ. ದಾರಿಯಲ್ಲಿ ಕುಲುಕಿದಾಗ ನೀರೆದ್ದು ಕೊಳವೆಗೆ ನುಗ್ಗುತ್ತದೆ. ಇಂಜಿನ್ನಿಗೆ ಏನೂ ಆಗಿಲ್ಲ. ಆದರೆ ಟಾಕಿಗೆ ಪೆಟ್ರೋಲು ಹಾಕುವವನು ಯಾರು? ಸೋಸಿ ಹಾಕುತ್ತೇನೆಂದು ಊರೆಲ್ಲ ಜಂಬ ಕೊಚ್ಚಿಕೊಂಡವನು ಯಾರು? ಸಾವಕಾರ ಅತ್ತ ಮುಖ ಮಾಡಿ ಕೂತಿದ್ದಾನೆ. ಸದ್ದಿಲ್ಲದೆ ತಳದ ನೀರು ಬಿಟ್ಟು, ಮಿಲಿಟರಿ ಇಂಜಿನ್ನಿಗೆ ಹೊರಗಿನ ಗಾಳಿ ಬೇಕಿತ್ತು ಎಂದೋ ಮತ್ತೇನೋ ಹೇಳಿದರಾಯಿತು. ಬಿರಡೆ ಬಿಚ್ಚುವ ಪಾನೆ ಕೈಯಲ್ಲಿ ಹಿಡಿದು ಟಾಕಿಯ ಕೆಳಗೆ ಕೂತವನು, ಏನನ್ನಿಸಿತೋ, ಕೂಗಿಯೇಬಿಟ್ಟ.

"ಸಾವ್ಕಾರ್ರ, ಬರ್ರಿಲ್ಲೆ. ಟಾಕ್ಯಾಗ ನೀರ ಅದಾವ್ರಿ."

ಸಾವಕಾರ ಬಂದು ಬಗ್ಗಿ ನಿಂತ. ತಳದ ಬಿರಡೆ ತೆಗೆದು ಡಬ್ಬಿ ಹಿಡಿದಾಗ ಮೊದಲು ಸುರಿದದ್ದು ಬೂದು ಬಣ್ಣದ ನೀರು. ಡಬ್ಬಿಯ ತಳದಲ್ಲಿ ಬೂದಿ ನಿಂತಿತು. ಆಮೇಲೆ ತೂತಿನಲ್ಲಿ ಏನೋ ಸಿಕ್ಕಿಕೊಂಡು ಧಾರೆ ನಿಂತಿತು. ಭಾಗಪ್ಪ ಕಡ್ಡಿಯಿಂದ ಎಳೆದಾಗ ಬಂದದ್ದು ಕಪ್ಪಾದ ಒಂದು ಬಿಲ್ವದ ಎಸಳು.

ಇಬ್ಬರೂ ಅದನ್ನು ನೋಡಿದರು. ಸಾವಕಾರನ ಮುಖ ಒಮ್ಮೆಲೇ ಅರಳಿತು.

"ಇದು ನಮ್ಮವ್ವನ ಕೆಲಸಲೇ! ಇಂಜಿನ್ನು ಕೂಡಿಸಿ ಪೂಜಿ ಮಾಡಿದ ದಿನ ತಂಬಿಗಿ ಹಿಡಕೊಂಡು ಲಾರಿ ಸುತ್ತ ಸುತ್ತಾಕತ್ತಿದ್ಳು. ಇಂಜಿನ್ನು ಲಡಾಯಿಯಿಂದ ಬಂದೈತಿ, ಸತ್ತ ಸೋಜರು ಅದರಾಗ ಕುಂತಿರಬೇಕಂತ ತೀರ್ಥ ಕುಡಿಸ್ಯಾಳ!"

ಅವನು ತೊಡೆ ತಟ್ಟಿಕೊಂಡು ನಕ್ಕ. ಭಾಗಪ್ಪನೂ ನಕ್ಕ. ಎಷ್ಟೋ ದಿನಗಳಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಉರುಳಿ ಬಿದ್ದಿತ್ತು. ನಗುತ್ತ ನಗುತ್ತ ಅವನ ಕಣ್ಣಲ್ಲಿ ನೀರು ಬಂತು. ಇಂಜಿನ್ನು ಒಳ್ಳೆಯದು, ತನ್ನ ಮಾತು ಸುಳ್ಳಲ್ಲ, ಸೀಟು ತನ್ನದೇ. ಹೆಣವಾಗಿ ಹೋದ ಯಾವ ಊರಿನ ಮಕ್ಕಳೋ ಏನೋ, ಅವರ ಬಾಯಿಗೆ ತೀರ್ಥ ಬಿಟ್ಟ ಮುದುಕಿಯ ಮೇಲೆ ಅವನಿಗೆ ಅಕ್ಕರೆಯೇ ಹುಟ್ಟಿತು. ಬರ್ಮಾದಲ್ಲಿ ಅಂಥ ಹೆಣಗಳನ್ನು ಅವನೂ ಹೊತ್ತಿದ್ದ.

ಟಾಕಿ ಚೊಕ್ಕವಾಯಿತು. ತಿಕೋಟಾದಿಂದ ಬಬಲೇಶ್ವರದವರೆಗೆ ಲಾರಿ ಒಂದೇ ರಾಗದಲ್ಲಿ ಓಡಿತು. ಸಂತೆಯಲ್ಲಿ ಅವನು ಬೇಕಿದ್ದದ್ದಕ್ಕಿಂತ ಒಂದೆರಡು ಸಲ ಹೆಚ್ಚೇ ಹಾರ್ನು ಒತ್ತಿದ. ಸಾವಕಾರ ತನ್ನ ದುಡ್ಡಿನಲ್ಲಿ ಅವನಿಗೆ ಬಿಸಿ ಭಜಿ ಕೊಡಿಸಿದ.

ಹೊತ್ತು ಮುಳುಗುವ ಮೊದಲೇ ವಿಜಾಪುರಕ್ಕೆ ಮರಳಿ ಮನೆಯ ಮುಂದೆ ಲಾರಿ ನಿಲ್ಲಿಸಿದಾಗ ಸಾವಕಾರನ ತಾಯಿ ಶಂಕ್ರೆವ್ವ ಕಟ್ಟೆಯ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದಳು. ಶಿವಶರಣಪ್ಪ ಇಳಿಯುತ್ತಲೇ ಚೇಷ್ಟೆಗೆ ತೊಡಗಿದ.

"ಯವ್ವಾ, ನಿನ್ನ ಸೋಜರೆಲ್ಲಾ ತೀರ್ಥ ಕುಡದ ತಿಕೋಟಾ ದಾರ್ಯಾಗ ಇಳದ ಹೋದ್ರು ನೋಡು. ಬ್ಯಾಡಂದ್ರೂ ನಮ್ಮನ್ನೂ ಇಳಿಸಿದ್ರು."

"ಯಾವ ಸೋಜರೋ?" ಎಂದಳು ಶಂಕ್ರೆವ್ವ. ಟಾಕಿಯ ಕತೆ ಕೇಳಿದ ಮೇಲೂ ಅವಳು ನಗಲಿಲ್ಲ. "ಸತ್ತವರದೇನ್ ಅಂಜಿಕಿ ನನಗ? ಇಂಜಿನ್ನು ಕೂಡಿಸೂವಾಗ ಭಾಗಪ್ಪ ಅದರ ಹೊಟ್ಟ್ಯಾಗೆಲ್ಲಾ ಕೈ ಆಡಿಸಿದ್ನಲ್ಲ. ಹೊರಗ ಕುಂತು ಗಾಡಿ ಹೊಡಿಯೂದು ಬ್ಯಾರೆ, ಒಳಗ ಕೈ ಹಾಕೂದು ಬ್ಯಾರೆ. ಮಠದ ದಾಸೋಹಕ್ಕ ಜ್ವಾಳ ಹೋಗತಾವ ಈ ಲಾರ್ಯಾಗ. ಮ್ಯಾಲ ತೊಳದ್ರ ಆತೇನು? ಒಳಗ ಶುದ್ಧ ಆಗಬ್ಯಾಡೇನು?"

ಬೇಳೆಗೆ ಉಪ್ಪು ಹಾಕಿದೆ ಎಂದಷ್ಟೇ ಸಲೀಸಾಗಿ ಹೇಳಿದಳು. ಭಾಗಪ್ಪ ಲಾರಿಯ ಬಾಗಿಲು ಹಿಡಿದು ನಿಂತಿದ್ದ. ಆಡಿದ ಮಾತು ಅವನಿಗೆ ಕೇಳಿಸುತ್ತದೆಂಬ ಮುಜುಗರವೂ ಅವಳಿಗಿರಲಿಲ್ಲ. ಸಾವಕಾರನ ನಗು ಅರ್ಧಕ್ಕೇ ನಿಂತಿತು. ಅವನು ತಲೆಯ ಪಟಗಾ ತೆಗೆದು ಕೊಡವಿ, "ಹಳೇ ಮಂದಿ... ಬಿಡೋ ಭಾಗಪ್ಪ" ಎಂದು ಯಾರ ಮುಖವನ್ನೂ ನೋಡದೆ ಒಳಗೆ ಹೋದ.

"ಇವತ್ತ ಮತ್ತ ಬಿಚ್ಚಿಯಂತಲ್ಲೋ," ಎಂದು ಶಂಕ್ರೆವ್ವ ಭಾಗಪ್ಪನನ್ನೇ ಕೇಳಿದಳು. "ನಿನ್ನ ಮ್ಯಾಲ ನನಗೇನ್ ಸಿಟ್ಟಿಲ್ಲಪಾ. ಆದ್ರ ಮತ್ತ ತೀರ್ಥ ಹಾಕಬೇಕಾತು. ಎಷ್ಟ ಹಾಕಿದ್ರ ಅದಕ್ಕ ತ್ರಾಸ ಆಗೂದಿಲ್ಲ? ನಿನಗ ಗೊತ್ತಿರತೈತಿ, ನೀನ ಹೇಳು."

ನನ್ನ ಕೈ ಅಷ್ಟು ಹೇಸಿಗೆಯಾದರೆ ನಿಮ್ಮ ಲಾರಿ ನೀವೇ ಹೊಡೆದುಕೊಳ್ಳಿರೆಂಬ ಮಾತು ಅವನ ಗಂಟಲವರೆಗೆ ಬಂತು. ಬರ್ಮಾದಲ್ಲಿ ಒಂದೇ ಮಗ್ಗಿನಲ್ಲಿ ಅವನ ಜೊತೆ ನೀರು ಕುಡಿದ ಎಷ್ಟೋ ಊರಿನವರ ಮುಖ ನೆನಪಾದವು. ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಯಿತು, ಬೆಳಿಗ್ಗೆ ಆ ನೀರಿನ ಎದುರು ಅಷ್ಟು ಮನಸಾರೆ ನಕ್ಕದ್ದಕ್ಕೆ. ಪಡಸಾಲೆಯಲ್ಲಿ ಬಸಗೊಂಡಪ್ಪನ ಕೆಮ್ಮು ಕೇಳಿಸಿತು.

"ಟಾಕ್ಯಾಗ ಒಂದ ಹನಿನೂ ಬ್ಯಾಡ್ರಿ, ಯವ್ವಾ," ಎಂದ ಭಾಗಪ್ಪ. ತನ್ನ ದನಿ ತನಗೇ ಬೇರೆಯವರದೆನ್ನಿಸಿತು. "ಮ್ಯಾಲ ಸಿಂಪಡಸ್ರಿ. ಪ್ಲಗ್ಗಿನ ತಂತಿಗೆ ಬೀಳಬಾರದ್ರಿ, ಬಿದ್ರ ಮತ್ತ ಮುಗ್ಗರಸ್ತೈತಿ."

ಶಂಕ್ರೆವ್ವ ಒಳಗಿನಿಂದ ತಂಬಿಗೆ ತಂದಳು. ಅವನೇ ಬಾನೆಟ್ಟು ಎತ್ತಿ ಸಿಗಿಸಿಕೊಟ್ಟ. "ನೀ ಅತ್ತಾಗ ಸರಿ" ಎಂದಳು; ತನ್ನ ನೆರಳು ಲಾರಿಯ ಮೇಲಿಂದ ಇಳಿಯುವಷ್ಟು ದೂರ ಸರಿದು ನಿಂತ. ಮುದುಕಿ ಮಂತ್ರ ಗೊಣಗುತ್ತ ಬಿಲ್ವದ ಎಲೆಯಿಂದ ನೀರು ಚಿಮುಕಿಸತೊಡಗಿದಳು. ದಿನವಿಡೀ ಓಡಿ ಕಾದಿದ್ದ ಕಬ್ಬಿಣದ ಮೇಲೆ ಹನಿಗಳು ಚುರ್ರೆಂದು ಆವಿಯಾಗಿ ಏಳುತ್ತಿದ್ದವು. ತಂತಿಗಳ ಮೇಲೆ ಒಂದಾದರೂ ಬಿದ್ದೀತೇನೋ ಎಂದು ಭಾಗಪ್ಪ ಅಲ್ಲಿಂದಲೇ ಕತ್ತು ಚಾಚಿ ನೋಡುತ್ತಿದ್ದ.