ಬಿಟ್ಟ ಗುಡಿಸಲಿನ ಕಂದೀಲು

ಬೈಲಕುಪ್ಪೆಯ ಟಿಬೆಟಿನವರ ಹೊಲಕ್ಕೆ ಮುಸುಕಿನ ಜೋಳ ಮುರಿಯಲು ಹೋದ ದಿನ, ಯಾರೋ ಹಾಡಹಗಲಲ್ಲೇ ಮನೆಯ ಗೋಡೆಯುದ್ದಕ್ಕೂ ದೀಪ ಹಚ್ಚಿಟ್ಟಿದ್ದಾರೆ ಎಂದುಕೊಂಡಳು ಮಲ್ಲಿ. ಹತ್ತಿರ ಹೋದರೆ ಅವು ಗಿಡದ ಕಾಯಿಗಳು. ಕಾಗದದಂಥ ತೆಳು ಸಿಪ್ಪೆಯ ಕಿತ್ತಳೆ ಬಣ್ಣದ ಬುಡ್ಡಿಗಳು ಪುಟ್ಟ ಕಂದೀಲುಗಳ ಹಾಗೆ ತೂಗುತ್ತಿದ್ದವು.

"ನಮ್ಮ ಕಾಡಿನ ಗುಪ್ಪಟೆ ಹಣ್ಣಿನ ಜಾತಿನೇ ಇದು," ಎಂದು ಒಂದಕ್ಕೆ ಕೈ ಹಾಕಿದಳು.

"ತಿನ್ನಬೇಡ, ತಿನ್ನಬೇಡ!" ಮನೆಯೊಡತಿ ಯಾಂಗ್ಚೆನ್ ಓಡಿ ಬಂದಳು. "ಹೊಟ್ಟೆ ಕೆಡುತ್ತೆ. ಇದು ನೋಡೋಕೆ ಮಾತ್ರ. ಚಳಿ ಊರು ಗಿಡ."

"ನೋಡಾಕೇ ಬೇಕಾಗಿತ್ತು. ನಂಗೊಂದು ಕೊಡ್ರಮ್ಮ."

"ಎಲ್ಲರೂ ಜೋಳ ಕೇಳ್ತಾರೆ, ನೀನು ಇದು ಕೇಳ್ತೀಯ!" ಯಾಂಗ್ಚೆನ್ ನಕ್ಕಳು. ಮುಂದಿನ ಮಳೆ ಹಿಡಿದಾಗ ಮೊಳಕೆಯಿದ್ದ ಬೇರಿನ ತುಂಡೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು.

ಮಲ್ಲಿಯ ತಾಯಿ ಕುಳ್ಳಿ ಕಾಡಿನೊಳಗಿನ ಹಳೆಯ ಹಾಡಿಯಲ್ಲಿ ಜ್ವರದಿಂದ ತೀರಿಕೊಂಡಿದ್ದಳು. ಆಮೇಲೆ ಹಾಡಿಯವರೆಲ್ಲ ಕಾಡಂಚಿಗೆ ಬಂದು ನೆಲೆಸಿದರು. ಅಜ್ಜಿ ಚಿಕ್ಕಮಾದಿಯ ಕತೆಗಳಲ್ಲಿ ಸತ್ತವರು ಮುಸ್ಸಂಜೆಗೆ ತಮ್ಮ ಬಾಗಿಲು ಹುಡುಕಿಕೊಂಡು ಬರುತ್ತಿದ್ದರು. ಮೂಲೆಯಲ್ಲಿ ಸುಮ್ಮನೆ ಕೂತಿದ್ದು, ಮಲಗಿದ ಮಕ್ಕಳ ತಲೆ ಸವರಿ ಹೋಗುತ್ತಿದ್ದರು.

"ನಮ್ಮವ್ವ ಯಾಕಜ್ಜಿ ಬರ್ನಿಲ್ಲ?"

"ಎಂಗೆ ಬಂದಾಳವ್ವ? ಇಲ್ಲಿ ಎಲ್ಲಾ ಗುಡಿಸ್ಲೂ ಒಂದೇ ತರ, ಎಲ್ರ ಬೆಂಕಿನೂ ಒಂದೇ ತರ. ನಿನ್ ಬಾಗ್ಲು ಯಾವ್ದು ಅಂತ ಅವ್ಳಿಗೆ ತಿಳೀಬೇಕಲ್ಲ."

ಆ ಬೇರನ್ನು ಮಲ್ಲಿ ಬಾಗಿಲ ಪಕ್ಕದಲ್ಲೇ ನೆಟ್ಟಳು. ಮಧ್ಯಾಹ್ನದ ಬಿಸಿಲಿಗೆ ಸೊಪ್ಪಿನ ಕೊಂಬೆ ಅಡ್ಡ ನಿಲ್ಲಿಸಿದಳು, ಹುಳು ಆರಿಸಿದಳು, ಕೋಳಿ ಕೆದಕದಂತೆ ಮುಳ್ಳು ಕಟ್ಟಿದಳು.

"ಏನಮ್ಮಿ, ಇದ್ಕೆ ನೀರು ಉಯ್ಬೇಕಾ, ಸೀಮೆಎಣ್ಣೆ ಉಯ್ಬೇಕಾ?" ಪಕ್ಕದ ಗುಡಿಸಲಿನ ಸಣ್ಣಬೀರಯ್ಯ ಕಿಚಾಯಿಸಿದ.

"ಸೀಮೆಎಣ್ಣೆ ನಿಮ್ಮ ಬಾಯಿಗೆ ಉಯ್ತೀನಿ ಬುಡಿ ಮಾವ."

ಎಲೆಗಳ ಅಡಿಯಲ್ಲಿ ನಾಚಿಕೊಂಡ ಹಾಗೆ ಬಿಳಿ ಹೂ ಬಂದವು. ಬಹಳಷ್ಟು ಉದುರಿದವು. ಆಯುಧಪೂಜೆ ಕಳೆದ ಮೇಲೆ ಒಂದೇ ಒಂದು ಹಸಿರು ಬುಡ್ಡಿ ಕೆಂಪಗಾಯಿತು. ಸಂಜೆ ಅಜ್ಜಿ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಬೆರಳ ತುದಿಯಿಂದ ಮುಟ್ಟಿ, ಬಹಳ ಹೊತ್ತು ನೋಡಿದಳು.

"ಅವ್ವಂಗೆ ಕಂಡಾತಾ ಅಜ್ಜಿ?"

"ಒಂದು ಸಾಲ್ದು ಕಣವ್ವ. ಮುಂದಿನ ಮಳೆಗೆ ಗಿಡದ ತುಂಬಾ ಬುಡ್ಲಿ. ಆಗ ಬತ್ತಳೆ. ನಾನೂ ಸತ್ರೆ ಈ ಗುರ್ತು ಇಡ್ಕಂಡೇ ಬತ್ತೀನಿ."

ಚಳಿ ಬಂತು. ಎಲೆ ಉದುರಿ ಗಿಡ ಕಡ್ಡಿಯಾಯಿತು. ಆ ಒಂದು ಕಂದೀಲು ಬಣ್ಣ ಕಳೆದುಕೊಂಡು ನರಗಳ ಬಲೆಯಾಗಿ, ಒಳಗಿನ ಹಣ್ಣು ಕೆಂಡದ ಚೂರಿನಂತೆ ಕಾಣುತ್ತಿತ್ತು. "ಸತ್ತಿಲ್ಲ," ಎಂದಿದ್ದಳು ಯಾಂಗ್ಚೆನ್. "ಮಣ್ಣಲ್ಲಿ ಮಲಗಿದೆ. ಮಳೆಗೆ ಏಳುತ್ತೆ." ಅದೇ ಚಳಿಯಲ್ಲಿ ಕೆಮ್ಮು ಹಿಡಿದು ಮಲಗಿದ ಅಜ್ಜಿ ಏಳಲಿಲ್ಲ.

ಸಾವಾದ ಗುಡಿಸಲಿನಲ್ಲಿ ಹಾಡಿಯವರು ಉಳಿಯುವುದಿಲ್ಲ. ಅದು ಸತ್ತವರ ಪಾಲು. ಒಮ್ಮೆ ಹೊರಟ ಮೇಲೆ ಆ ಅಂಗಳಕ್ಕೆ ಕಾಲಿಡುವಂತಿಲ್ಲ, ಬಿಟ್ಟದ್ದರಲ್ಲಿ ಕಡ್ಡಿಯನ್ನೂ ತರುವಂತಿಲ್ಲ.

"ಒತ್ತು ಮುಳುಗೋದ್ರೊಳಗೆ ಒಂಟೋಗಬೇಕು. ಬಿರ್ರನೆ ಬಾ," ಎಂದು ಅಪ್ಪ ಕೆಂಚ ಮಡಕೆ ಹೊತ್ತು ನಿಂತಿದ್ದ.

"ನನ್ ಗಿಡ ಅಪ್ಪಾ, ಕಿತ್ಕೊಂಡು ಬತ್ತೀನಿ!"

ಅಜ್ಜಿಯ ಅಗೆಯುವ ಕೋಲಿನಿಂದ ಮಲ್ಲಿ ಬುಡ ಬಿಡಿಸಿದಳು. ಕಣ್ಣೀರಿನಲ್ಲಿ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ಕೈಗಳೇ ಕೆಲಸ ಮಾಡಿದವು. ಕಾಡಿನಲ್ಲಿ ಗೆಣಸು ಅಗೆಯುವಾಗ ಅಜ್ಜಿ ಪ್ರತಿ ಸಲವೂ ಹೇಳುತ್ತಿದ್ದಳು: "ತಲೆ ಕುಯ್ದು ಗುಂಡಿಗೇ ವಾಪಸ್ ಇಡವ್ವ. ಬಳ್ಳಿ ಅದ್ರಿಂದ್ಲೇ ಏಳಾದು. ನಾವು ಕೆಳ್ಗಿಂದು ತಕಂಡೋಗಾದು." ಮಲ್ಲಿ ಮೇಲಿನ ಗಂಟನ್ನು ಕತ್ತರಿಸಿದಳು, ಗುಂಡಿಗೆ ಇಟ್ಟಳು, ಮಣ್ಣು ಮುಚ್ಚಿ ಅಂಗೈಯಿಂದ ತಟ್ಟಿದಳು. ಕೆಳಗಿನ ಬೇರುಗಳನ್ನು ಎಲೆಯಲ್ಲಿ ಸುತ್ತಿ ಎದೆಗವಚಿಕೊಂಡು ಅಪ್ಪನ ಹಿಂದೆ ಓಡಿದಳು.

ತೊರೆಯಾಚೆ ಹೊಸ ಗುಡಿಸಲು ಎದ್ದಿತು. ಬಾಗಿಲ ಪಕ್ಕದಲ್ಲಿ ಬೇರು ನೆಟ್ಟು ದಿನವೂ ನೀರು ಹನಿಸಿದಳು. ಮೊದಲ ಮಳೆ ಬಂತು, ಎರಡನೆಯದೂ ಬಂತು. ಸುತ್ತ ಗರಿಕೆ ಚಿಗುರಿತು, ಅದೊಂದು ಚಿಗುರಲಿಲ್ಲ. ತಡೆಯಲಾರದೆ ಕೆದಕಿದಾಗ ಕೈಗೆ ಬಂದದ್ದು ಕೊಳೆತ ನಾರು. ಅದನ್ನೇ ಹಿಡಿದು ಯಾಂಗ್ಚೆನ್ ಮನೆಗೆ ಹೋದಳು.

"ಇದು ಬರೀ ದಾರ," ಎಂದು ಯಾಂಗ್ಚೆನ್ ತಿರುಗಿಸಿ ನೋಡಿದಳು. "ಮೇಲಿನ ಗಂಟು ಎಲ್ಲಿ? ಕಣ್ಣು ಇರೋದು ಅಲ್ಲಿ. ಮೊಳಕೆ ಬರೋದು ಅಲ್ಲಿ."

ಮಲ್ಲಿ ತನ್ನ ಅಂಗೈ ನೋಡಿಕೊಂಡಳು. ಮಣ್ಣು ತಟ್ಟಿದ ಅಂಗೈ.

"ಅಳಬೇಡ. ಇನ್ನೊಂದು ಕೊಡ್ತೀನಿ."

"ಬ್ಯಾಡ ಬುಡ್ರಮ್ಮ. ಅಜ್ಜಿ ಕಂಡಿದ್ದು ಆ ಬಾಗ್ಲು. ಗುರ್ತು ಅಲ್ಲೇ ಉಳ್ಕಂಡದೆ. ಅವ್ವ, ಅಜ್ಜಿ ಇಬ್ರೂ ಅಲ್ಲಿಗೇ ಓಗೋದು."

ಮಳೆಗಾಲ ಮುಗಿಯುವ ಹೊತ್ತಿಗೆ ತೊರೆಯ ದಡದಿಂದಲೇ ಕಾಣತೊಡಗಿತು. ಹುಲ್ಲು ಕುಸಿದ ಹಳೆಯ ಗುಡಿಸಲ ಬಾಗಿಲಲ್ಲಿ, ಹಬ್ಬಿದ ಗಿಡದ ತುಂಬ ಕಂದೀಲುಗಳು. ಅಜ್ಜಿ ಕೇಳಿದ್ದಕ್ಕಿಂತ ಹೆಚ್ಚು. ಹೊತ್ತು ಇಳಿಯುತ್ತಿದ್ದಂತೆ ಅವು ಇನ್ನಷ್ಟು ಕೆಂಪೇರಿದವು. ಒಂದು ಗಳಿಗೆ, ಬಾಗಿಲಲ್ಲಿ ಇಬ್ಬರು ಹೆಂಗಸರು ಬಗ್ಗಿ ಒಳಗೆ ಇಣುಕಿದ ಹಾಗೆ, ಒಬ್ಬಳು ಇನ್ನೊಬ್ಬಳ ಕಡೆ ತಿರುಗಿದ ಹಾಗೆ ಮಲ್ಲಿಗೆ ಕಂಡಿತು.

"ಅವ್ವಾ, ಇಲ್ಲಿವ್ನಿ," ಎಂದಳು.

"ಆ ಕಡೆ ನೋಡಬ್ಯಾಡ ಅಂತ ಎಷ್ಟು ಸಲ ಯೋಳ್ಳಿ ನಿಂಗೆ? ಒಳಕ್ಕೆ ಬಾ," ಅಪ್ಪ ಕರೆದ.

ಹೊಸ ಗುಡಿಸಲಿನ ಬೆಂಕಿ ಎಲ್ಲರ ಬೆಂಕಿಯ ಹಾಗೆಯೇ ಉರಿಯುತ್ತಿತ್ತು. ಮಲ್ಲಿ ಚಾಪೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ತನ್ನ ಕೈಯಿಂದ ತಾನೇ ಒಮ್ಮೆ ತಲೆ ಸವರಿಕೊಂಡು ಕಣ್ಣು ಮುಚ್ಚಿದಳು.