ಕೈತೊಳೆಯುವ ಮರಿ

ಹ್ಯಾಚರಿಯ ಉದ್ದನೆಯ ಕೋಣೆಯಲ್ಲಿ ಮಾತಾಡಬೇಕೆಂದರೆ ಗಂಟಲು ಹರಿದುಕೊಳ್ಳಬೇಕು. ಆಗಷ್ಟೇ ಮೊಟ್ಟೆಯೊಡೆದು ಬಂದ ಕೋಳಿಮರಿಗಳು ಟ್ರೇ ಟ್ರೇ ತುಂಬಿ ಬರುತ್ತವೆ. ಒಂದೊಂದೂ ಪ್ರಪಂಚವೇ ತನಗಾಗಿ ಕಾದು ಕೂತಿದೆ ಎನ್ನುವ ಹಾಗೆ ಕೂಗುತ್ತದೆ. ಅಲ್ಲಿ ಕೆಲಸ ಮಾಡುವ ಗುಬ್ಬಿಗೆ ಆ ಗದ್ದಲ ಒಳ್ಳೆಯದೇ ಆಗಿತ್ತು. ಯಾರಾದರೂ ಹೆಸರು ಕೇಳಿದರೂ ಕುತ್ತಿಗೆಯವರೆಗೆ ಕೆಂಪಾಗುವ ಹುಡುಗಿ ಅವಳು. ಇಲ್ಲಿ ಸುಮ್ಮನಿದ್ದರೆ ಯಾಕೆ ಸುಮ್ಮನಿದ್ದೀಯ ಎಂದು ಯಾರೂ ಕೇಳುವುದಿಲ್ಲ.

ಅವಳನ್ನು ಈ ಕೆಲಸಕ್ಕೆ ಕರೆತಂದವಳು ದೊಡ್ಡಮ್ಮ. ತಾಯಿ ಹೋದ ಮೇಲೆ ಸಾಕಿದವಳೂ ಅವಳೇ, ಪಕ್ಕದ ಸ್ಟೂಲಿನಲ್ಲಿ ಕೂರಿಸಿಕೊಂಡು ಬೆರಳಿಗೆ ಬುದ್ಧಿ ಕಲಿಸಿದವಳೂ ಅವಳೇ. ಮರಿಯನ್ನು ಎಡಗೈಯಲ್ಲಿ ಮಗುಚಿ ಹಿಡಿಯಬೇಕು. ಬಾಲದ ಕೆಳಗೆ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಬೇಕು. ಸಾಸಿವೆಗಿಂತ ಚಿಕ್ಕದೊಂದು ಉಬ್ಬು ಕಂಡರೆ ಗಂಡು, ಕಾಣದಿದ್ದರೆ ಹೆಣ್ಣು. ಹೆಣ್ಣು ಬಲಗಡೆಯ ಪೆಟ್ಟಿಗೆಗೆ. ಅವು ಬೆಳೆದು ಮೊಟ್ಟೆಯಿಡುತ್ತವೆ, ಅದಕ್ಕೇ ಈ ಹ್ಯಾಚರಿ ಇರುವುದು. ಗಂಡು ಎಡಗಡೆಯ ಕೊಳವೆಗೆ. ಕೊಳವೆಯ ಕೆಳಗೆ, ಗೋಡೆಯಾಚೆ, ಒಂದು ಗಿರಣಿ ತಿರುಗುತ್ತಿರುತ್ತದೆ. ಈ ತಳಿಯ ಗಂಡು ಮೊಟ್ಟೆಯಿಡುವುದಿಲ್ಲ, ಮೈಯಲ್ಲಿ ಮಾಂಸವೂ ತುಂಬುವುದಿಲ್ಲ. ಹಾಗಾಗಿ ಅದಕ್ಕೆ ಬದುಕಲು ಸಿಗುವುದು ಅರ್ಧ ದಿನ.

ಆ ಗಿರಣಿಯ ಹೆಸರನ್ನು ಕೋಣೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಬದಲಿಗೆ ಅಲ್ಲಿ ಕೂರುವ ಹೆಂಗಸರಲ್ಲಿ ಒಂದು ಪದ್ಧತಿ ಇತ್ತು. ಒಂದು ಟ್ರೇ ಮುಗಿದೊಡನೆ ಕೈಯನ್ನು ಔಷಧಿ ನೀರಿನಲ್ಲಿ ಅದ್ದಿ ತೊಳೆಯಬೇಕು. ಅದಕ್ಕೆ ಮುಂಚೆ ಆ ಟ್ರೇಯ ಕಟ್ಟಕಡೆಯ ಗಂಡುಮರಿಯನ್ನು ಕೊಳವೆಗೆ ಹಾಕದೆ, ತುಟಿ ಪಿಟಕ್ಕೆನ್ನದೆ, ಹೆಣ್ಣಿನ ಪೆಟ್ಟಿಗೆಗೆ ಬಿಡಬೇಕು. ಅದಕ್ಕೆ ಅವರ ಹೆಸರು ಕೈತೊಳೆಯುವ ಮರಿ. ಯಾರು ಶುರು ಮಾಡಿದ್ದೋ ಗೊತ್ತಿಲ್ಲ. ದೊಡ್ಡಮ್ಮನಿಗೆ ಅವಳ ಮುಂಚಿನವಳು ಹೇಳಿಕೊಟ್ಟಿದ್ದಳು. ಕೋಳಿ ಸಾಕುವವರು ಆಗಾಗ ಯಜಮಾನರಿಗೆ ಫೋನ್ ಮಾಡಿ, "ನೀವು ಕಳಿಸಿದ್ದರಲ್ಲಿ ಹುಂಜ ಬಂದಿದೆ" ಎಂದು ಗೊಣಗುತ್ತಿದ್ದರು. ಯಜಮಾನರು, "ಮನುಷ್ಯರ ಕಣ್ಣು, ಒಂದೆರಡು ತಪ್ಪುತ್ತೆ ಮಾರಾಯ್ರೇ" ಎಂದು ಸಮಾಧಾನ ಮಾಡುತ್ತಿದ್ದರು. ಹಾಗೆ ಹೋದ ಹುಂಜಗಳ ಗತಿ ಏನಾಯಿತೆಂದು ಹೆಂಗಸರು ವಿಚಾರಿಸಲಿಲ್ಲ. ವಿಚಾರಿಸದೆ ಇರುವುದರಲ್ಲೇ ನೆಮ್ಮದಿ ಇತ್ತು.

ಹೀಗಿರುವಾಗ ಯಂತ್ರ ಬಂತು. ಬೀರುವಿನಷ್ಟು ದೊಡ್ಡದು, ಜೊತೆಗೊಬ್ಬಳು ಇಂಜಿನಿಯರ್. ಎದುರು ಸಾಲಿನಲ್ಲಿ ಕೂರುವ ವಟವಟ ಅಕ್ಕ ಮೊದಲ ದಿನವೇ ಅವಳಿಗೆ ಮೆಷಿನ್ ಮೇಡಂ ಎಂದು ಹೆಸರಿಟ್ಟಳು.

"ಏನ್ ಮೇಡಂ, ಮೊಟ್ಟೆ ಒಡೆಯೋಕ್ ಮುಂಚೆನೇ ಗಂಡೋ ಹೆಣ್ಣೋ ಹೇಳ್ಬಿಡತ್ತಂತೆ? ನಮ್ಮನೆಯವರನ್ನ ಒಳಗಿಟ್ರೆ ಏನ್ ಹೇಳತ್ತೆ?"

"ಅದು ಮೊಟ್ಟೆ ಮಾತ್ರ ನೋಡೋದು ಅಕ್ಕ."

"ಅವರೂ ಹಾಗೇನೇ. ಗುಂಡಗಿದಾರೆ, ಬೆಚ್ಚಗಿರೋ ಕಡೆ ಇಟ್ರೆ ಅಲ್ಲಾಡಲ್ಲ."

ನಗು ಮುಗಿದ ಮೇಲೆ ಮೇಡಂ ಬಿಡಿಸಿ ಹೇಳಿದಳು. ಮೊಟ್ಟೆ ಕಾವಿಗೆ ಕೂತ ಕೆಲವೇ ದಿನಕ್ಕೆ ಅದರೊಳಗೆ ಬೆಳಕು ಹಾಯಿಸಿ, ಕೆಂಪು ರಕ್ತನಾಳದ ಎಳೆಗಳನ್ನು ಕ್ಯಾಮೆರಾ ನೋಡುತ್ತದೆ. ಲಕ್ಷಾಂತರ ಮೊಟ್ಟೆ ತೋರಿಸಿ ತೋರಿಸಿ ಯಂತ್ರಕ್ಕೆ ಕಲಿಸಿದ್ದಾರೆ. ಕೃತಕ ಬುದ್ಧಿ ಎನ್ನುತ್ತಾರಲ್ಲ, ಅದು. "ಗಂಡು ಅಂತ ಕಂಡ್ರೆ ಆ ಮೊಟ್ಟೆನ ಆಗಲೇ ತೆಗೆದುಬಿಡಬಹುದು. ಆ ಹೊತ್ತಿಗೆ ಒಳಗೆ ನೋವು ಗೊತ್ತಾಗೋವಂಥದ್ದು ಏನೂ ಬೆಳೆದಿರಲ್ಲ."

"ಹಾಗಾದ್ರೆ ಈ ಕೊಳವೆ?"

ಕೇಳಿದವಳು ಗುಬ್ಬಿ. ಎಲ್ಲರೂ ತಿರುಗಿ ನೋಡಿದರು. ಅವಳ ಕುತ್ತಿಗೆ ಆಗಲೇ ಕೆಂಪಾಗಿತ್ತು.

"ಅದು ಬೇಕಾಗಲ್ಲ," ಎಂದಳು ಮೇಡಂ.

ದೊಡ್ಡಮ್ಮ ತಲೆಯೆತ್ತಲಿಲ್ಲ. ಮನೆಗೆ ಹೋಗುವಾಗ ದಾರಿಯಲ್ಲಿ, "ಕೊಳವೆ ಬೇಡ ಅಂದ್ರೆ ನಾವೂ ಬೇಡ ಅಂತ. ಅಷ್ಟೂ ಗೊತ್ತಾಗಲ್ವಾ ನಿಂಗೆ?" ಎಂದಳು. ಗುಬ್ಬಿಗೆ ಗೊತ್ತಾಗಿತ್ತು. ಆದರೂ ಆ ರಾತ್ರಿ, ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ, ಕಿವಿಯಲ್ಲಿ ಚಿಲಿಪಿಲಿ ಇಲ್ಲದೆ ಅವಳಿಗೆ ನಿದ್ದೆ ಹತ್ತಿತು.

ಯಂತ್ರವನ್ನು ಕೊಳ್ಳುವ ಮೊದಲು ಯಜಮಾನರು ಪರೀಕ್ಷೆ ಇಟ್ಟರು. ಯಂತ್ರ ಗಂಡು ಎಂದ ಮೊಟ್ಟೆಗಳನ್ನು ತೆಗೆಯದೆ, ಬೇರೆ ಟ್ರೇಗಳಲ್ಲಿಟ್ಟು ಮರಿ ಮಾಡಿಸುವುದು. ಹೆಣ್ಣು ಎಂದವನ್ನು ಇನ್ನೊಂದಷ್ಟು ಟ್ರೇಗಳಲ್ಲಿ. ಯಾವ ಟ್ರೇ ಯಾವುದೆಂದು ಹೇಳದೆ ಹೆಂಗಸರ ಕೈಗೆ ಕೊಟ್ಟು ನೋಡಿಸುವುದು. ಹೆಂಗಸರ ಮಾತೇ ಕೊನೆ. "ನಮ್ಮ ದೊಡ್ಡಮ್ಮ ಹೇಳಿದ್ರೆ ಮುಗೀತು," ಎಂದಿದ್ದರು ಯಜಮಾನರು. ಕೋಣೆಯ ಎಲ್ಲರಿಗೂ ಅವಳು ದೊಡ್ಡಮ್ಮನೇ.

ಮರಿಗಳು ಹೊರಬಂದ ದಿನ ಬೆಳಗ್ಗೆ ದೊಡ್ಡಮ್ಮನ ಮುಂದೆ ಮೊದಲ ಟ್ರೇ ಬಂತು. ಗಂಡು, ಗಂಡು, ಗಂಡು. ಅವಳ ಎಡಗೈ ಒಂದೇ ಸಮನೆ ಕೊಳವೆಯ ಕಡೆಗೇ ಹೋಗುತ್ತಿತ್ತು. ಟ್ರೇ ಖಾಲಿಯಾಗುತ್ತ ಬಂದರೂ ಬಲಗಡೆಯ ಪೆಟ್ಟಿಗೆಯಲ್ಲಿ ಒಂದು ಮರಿಯೂ ಇಲ್ಲ. ಕೊನೆಯದನ್ನು ಮಗುಚಿ ನೋಡಿದಳು. ಅದೂ ಗಂಡು. ಕೈ ಅರೆಗಳಿಗೆ ನಿಂತು, ಬಲಕ್ಕೆ ಹೋಯಿತು.

ಗುಬ್ಬಿ ಅದನ್ನು ನೋಡಿದಳು. ಕೈ ತೊಳೆಯುವ ನೆಪದಲ್ಲಿ ಎದ್ದು ಹೋಗಿ ದೊಡ್ಡಮ್ಮನ ಪಕ್ಕ ನಿಂತಳು.

"ದೊಡ್ಡಮ್ಮ, ಅದರಲ್ಲಿ ಹೆಣ್ಣೇ ಇರಲಿಲ್ಲ."

"ಗೊತ್ತು."

"ಒಂದು ಹೆಣ್ಣು ಬಂತು ಅಂತ ಬರ್ಕೊಳ್ತಾರೆ. ಯಂತ್ರ ತಪ್ಪು ಹೇಳ್ತು ಅಂತಾಗತ್ತೆ."

"ಏನ್ ಮಾಡ್ಲಿ ಮತ್ತೆ? ಅದನ್ನೂ ಹಾಕ್ಲಾ?" ದೊಡ್ಡಮ್ಮ ಕೈ ಕೊಡವಿದಳು. "ಇಷ್ಟು ವರ್ಷದಲ್ಲಿ ಒಂದು ಟ್ರೇಗೂ ತಪ್ಪಿಸಿಲ್ಲ ನಾನು. ನಿನ್ನ ಕೈಲಾದ್ರೆ ನೀನು ಹಾಕು, ನೋಡೋಣ."

ಗುಬ್ಬಿಯ ಮುಂದೆ ಬಂದ ಟ್ರೇಯೂ ಗಂಡಿನದೇ. ಕೊನೆಯ ಮರಿ ಅಂಗೈಯಲ್ಲಿ ಕೂತು, ಅಲ್ಲಿನ ಬಿಸಿಗೆ ಕಣ್ಣು ಮುಚ್ಚಿತು. ಹಾಕಬೇಕು ಎಂದುಕೊಂಡಳು. ಇದೊಂದನ್ನು ಹಾಕಿದರೆ ಮುಂದೆ ಹಾಕುವ ಕೆಲಸವೇ ಇರುವುದಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು. ಕೈ ಮಾತ್ರ ಲೆಕ್ಕ ಕೇಳಲಿಲ್ಲ. ಮರಿ ಬಲಗಡೆಯ ಪೆಟ್ಟಿಗೆಗೆ ಹೋಯಿತು.

ಮಧ್ಯಾಹ್ನ ಯಜಮಾನರ ಕೋಣೆಗೆ ಎಲ್ಲರನ್ನೂ ಕರೆದರು. ಮೇಜಿನ ಮೇಲೆ ಟ್ರೇಗೊಂದರಂತೆ ಚಿಕ್ಕ ಚಿಕ್ಕ ರಟ್ಟಿನ ಡಬ್ಬಿಗಳು. ಯಂತ್ರ ಗಂಡು ಎಂದು ಹೇಳಿದ್ದ ಟ್ರೇಗಳಲ್ಲಿ ಸಿಕ್ಕ 'ಹೆಣ್ಣು'ಗಳು, ಡಬ್ಬಿಗೊಂದು.

"ಟ್ರೇಗೊಂದು ಹೇಂಟೆ ಕಳ್ಕೊಂಡ್ರೆ ನಾನು ಬೀದಿಗೆ ಬೀಳ್ತೀನಿ ಮೇಡಂ," ಎಂದರು ಯಜಮಾನರು, ನಡುನಡುವೆ ಕೆಮ್ಮುತ್ತ. "ನಿಮ್ಮ ಯಂತ್ರ ನಾಳೆನೇ ವಾಪಸ್ ತಗೊಂಡ್ಹೋಗಿ."

ಮೇಡಂ ಡಬ್ಬಿಗಳನ್ನೇ ನೋಡುತ್ತಿದ್ದಳು. "ಪ್ರತಿ ಟ್ರೇಲೂ ಒಂದೇ ಸಾರ್. ಎಲ್ಲೂ ಎರಡಿಲ್ಲ, ಎಲ್ಲೂ ಸೊನ್ನೆ ಇಲ್ಲ. ತಪ್ಪು ಇಷ್ಟು ಶಿಸ್ತಾಗಿ ಬರಲ್ಲ."

"ನಮ್ಮೋರು ತಪ್ಪು ನೋಡಿದಾರೆ ಅಂತೀರಾ? ಇವರ ಕಣ್ಣಿನ ಮೇಲೆ ನನ್ನ ವ್ಯಾಪಾರ ನಿಂತಿದೆ."

ದೊಡ್ಡಮ್ಮ ನೆಲ ನೋಡುತ್ತಿದ್ದಳು. ವಟವಟ ಅಕ್ಕನ ಬಾಯಿಗೂ ಅಂದು ಬೀಗ ಬಿದ್ದಿತ್ತು. ಗುಬ್ಬಿ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು. ಯಾರಾದರೂ ಹೇಳಿಯಾರು ಎಂದು ಕಾದಳು. ಯಾರೂ ಹೇಳುವುದಿಲ್ಲ ಎಂಬುದು ಖಚಿತವಾಯಿತು. ಯಂತ್ರ ಹೋಗುತ್ತದೆ, ನಾಡಿದ್ದು ಬೆಳಗ್ಗೆ ಮತ್ತೆ ಟ್ರೇಗಳು ಬರುತ್ತವೆ, ಗೋಡೆಯಾಚೆ ಅದು ತಿರುಗುತ್ತದೆ.

"ಯಂತ್ರ ತಪ್ಪು ಹೇಳಿಲ್ಲ."

"ಏನಮ್ಮಾ? ಜೋರಾಗಿ ಹೇಳು."

"ಇವು ಹೆಣ್ಣಲ್ಲ. ಗಂಡು. ಕೊನೇ ಮರೀನ ನಾವು ಕೊಳವೆಗೆ ಹಾಕಲ್ಲ. ಟ್ರೇಗೊಂದು ಹಾಗೆ ಬಿಟ್ಬಿಡ್ತೀವಿ. ಇವತ್ತೊಂದೇ ಅಲ್ಲ, ಯಾವಾಗ್ಲೂ. ನಾನೂ ಬಿಟ್ಟಿದೀನಿ."

ಯಜಮಾನರ ಕೆಮ್ಮು ನಿಂತುಹೋಯಿತು. ದೊಡ್ಡಮ್ಮನ ಕಡೆ ತಿರುಗಿ, "ಹೌದಾ?" ಎಂದರು. ದೊಡ್ಡಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಳು.

"ಇಷ್ಟು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದ್ರಾ ಎಲ್ಲ ಸೇರ್ಕೊಂಡು?" ಅವರು ಒಂದು ಡಬ್ಬಿಯಿಂದ ಮರಿಯನ್ನೆತ್ತಿ ತಿರುಗಿಸಿ ಮುರುಗಿಸಿ ನೋಡಿದರು. ಅವರಿಗೇನೂ ಕಾಣಲಿಲ್ಲ. "ಇಲ್ಲಾ ಈ ಹುಡುಗಿ ಸುಳ್ಳು ಹೇಳ್ತಿದಾಳೋ? ಯಾರನ್ನ ಕೇಳ್ಲಿ ಈಗ? ನೋಡೋದು ಗೊತ್ತಿರೋರೆಲ್ಲ ನಿಮ್ಮ ಗುಂಪೇ."

"ಬೆಳೆಸಿ ನೋಡಿ ಸಾರ್," ಎಂದಳು ಮೇಡಂ. "ಅಲ್ಲೀವರೆಗೂ ಯಂತ್ರ ಇಲ್ಲೇ ಇರಲಿ."

"ಬೆಳೀಲಿ. ಕೂಗಿದ್ರೆ ಹುಂಜ, ಮೊಟ್ಟೆಯಿಟ್ರೆ ಹೇಂಟೆ. ಆಮೇಲೆ ನಿಮ್ಮೆಲ್ಲರ ವಿಚಾರ." ಮರಿಯನ್ನು ಡಬ್ಬಿಗೆ ಬಿಟ್ಟು ಗುಬ್ಬಿಗೆ ಬೆರಳು ತೋರಿಸಿದರು. "ಹೇಳಿದೋಳು ನೀನು, ಸಾಕೋಳೂ ನೀನೇ."

ಆ ಸಂಜೆಯಿಂದ ದೊಡ್ಡಮ್ಮ ಮಾತು ಬಿಟ್ಟಳು. ಅಡುಗೆ ಮಾಡುತ್ತಿದ್ದಳು, ತಟ್ಟೆಯನ್ನು ಗುಬ್ಬಿಯ ಮುಂದೆ ತಳ್ಳುತ್ತಿದ್ದಳು, ಗೋಡೆಗೆ ಹೇಳುವಂತೆ, "ಉಪ್ಪು ಬೇಕಾದ್ರೆ ಹಾಕ್ಕೊಳ್ಳೋದು," ಎನ್ನುತ್ತಿದ್ದಳು. ಬೈದಿದ್ದರೆ ಗುಬ್ಬಿಗೆ ಹಗುರವಾಗುತ್ತಿತ್ತು. ಕೆಲಸದ ದಾರಿಯಲ್ಲಿ ದೊಡ್ಡಮ್ಮ ನಾಲ್ಕು ಹೆಜ್ಜೆ ಮುಂದೆ, ಇವಳು ಹಿಂದೆ. ತನ್ನನ್ನು ಸಾಕಿದವಳ ಹೊಟ್ಟೆಯ ಮೇಲೆ ಹೊಡೆದೆನೇ ಎಂಬ ಯೋಚನೆ ಗುಬ್ಬಿಯನ್ನು ಕಿತ್ತು ತಿನ್ನುತ್ತಿತ್ತು. ಹೇಳಬಾರದಿತ್ತು ಎಂದು ಮಾತ್ರ ಒಮ್ಮೆಯೂ ಅನ್ನಿಸಲಿಲ್ಲ, ಅದೇ ಅವಳಿಗೆ ಆಶ್ಚರ್ಯ.

ಹ್ಯಾಚರಿಯ ಹಿಂದೆ ಮುರಿದ ಪೆಟ್ಟಿಗೆಗಳನ್ನು ಒಟ್ಟುತ್ತಿದ್ದ ಜಾಗವನ್ನು ಗುಬ್ಬಿ ಗುಡಿಸಿ, ಸುತ್ತ ಬಲೆ ಕಟ್ಟಿದಳು. ಬಲ್ಬಿನ ಕಾವಿನಲ್ಲಿ ಮರಿಗಳು ಒಂದರ ಮೇಲೊಂದು ಬಿದ್ದು ಮಲಗುತ್ತಿದ್ದವು. ಹಳದಿ ನವಿರು ಉದುರಿ ಬಿಳಿ ಗರಿ ಬಂತು. ಕಾಲು ಉದ್ದವಾದವು. ತಮ್ಮ ಕಾಲನ್ನೇ ಎಡವಿ ಬೀಳುವ ವಯಸ್ಸು. ಒಂದಂತೂ ದಿನವಿಡೀ ತನ್ನ ನೆರಳಿನ ಜೊತೆ ಜಗಳಕ್ಕೆ ನಿಲ್ಲುತ್ತಿತ್ತು. ಮಣ್ಣಿನಲ್ಲಿ ಗುಳಿ ತೋಡಿಕೊಂಡು, ರೆಕ್ಕೆ ಹರಡಿ, ಧೂಳು ಎರಚಿಕೊಳ್ಳುವುದನ್ನು ಅವಕ್ಕೆ ಯಾರೂ ಕಲಿಸಿರಲಿಲ್ಲ. ಮೇಡಂ ವಾರಕ್ಕೊಮ್ಮೆ ಬಂದು ಬಲೆಯ ಹೊರಗೆ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. "ನಾನು ನೋಡಿದ್ದೆಲ್ಲ ಮೊಟ್ಟೆ ಒಳಗಿನ ಫೋಟೋ. ಇಷ್ಟು ತರಲೆ ಅಂತ ಗೊತ್ತಿರಲಿಲ್ಲ," ಎಂದು ನಗುತ್ತಿದ್ದಳು.

ತಲೆಯ ಮೇಲೆ ಜುಟ್ಟು ಕೆಂಪಾದ ಮೇಲೆ, ಒಂದು ಬೆಳಗ್ಗೆ ಕೆಲಸ ಶುರುವಾಗುವ ಹೊತ್ತಿಗೆ, ನೆರಳಿನ ಜೊತೆ ಜಗಳಾಡುವ ಮಹಾಶಯ ಮುರಿದ ಪೆಟ್ಟಿಗೆಯ ಮೇಲೆ ಹತ್ತಿ ಕತ್ತು ಚಾಚಿದ. ತುಕ್ಕು ಹಿಡಿದ ಬಾಗಿಲು ತೆರೆದಂಥ ಸದ್ದು ಬಂತು. ದೊಡ್ಡಮ್ಮನೊಬ್ಬಳನ್ನು ಬಿಟ್ಟು ಎಲ್ಲರೂ ಹೊರಗೆ ಓಡಿದರು. ಯಜಮಾನರೂ ಟೀ ಲೋಟ ಹಿಡಿದುಕೊಂಡೇ ಬಂದರು.

"ಇದು ಕೂಗಿದ್ದಾ, ಕೆಮ್ಮಿದ್ದಾ?"

"ಯಾರ ಅನ್ನ ತಿಂದಿದೆ ಸಾರ್ ಅದು, ನಿಮ್ಮ ಹಾಗೇ ಕೆಮ್ಮತ್ತೆ," ಎಂದಳು ವಟವಟ ಅಕ್ಕ. ಅವಳ ಬೀಗ ಅಂದು ಕಳಚಿತು.

ಹುಂಜ ಮತ್ತೆ ಕತ್ತು ಚಾಚಿತು. ಈ ಸಲ ಅನುಮಾನಕ್ಕೆ ಎಡೆ ಉಳಿಯಲಿಲ್ಲ. ಒಂದೊಂದಾಗಿ ಎಲ್ಲವೂ ಕೂಗಿದವು. ಕೊನೆಯದು ಬಾಯಿ ಬಿಡುವವರೆಗೆ ಯಜಮಾನರು ಪಟ್ಟು ಹಿಡಿದು ಕಾದರು. ಅದೂ ಕೂಗಿದ ದಿನ ಮೇಡಂಗೆ ಫೋನ್ ಮಾಡಿ ಯಂತ್ರ ಇಲ್ಲೇ ಇರಲಿ ಎಂದರು. ಗಿರಣಿಯನ್ನು ಬಿಚ್ಚಲು ಮೆಕ್ಯಾನಿಕ್‌ನನ್ನು ಕರೆಸಿದರು. ಆಮೇಲೆ ದೊಡ್ಡಮ್ಮನನ್ನು ಕರೆದರು.

"ನಿಮ್ಮನ್ನ ಕೆಲಸದಿಂದ ತೆಗೀಬೇಕು ಅಂತಿದ್ದೆ."

"ತೆಗೀರಿ."

"ತೆಗೆದ್ರೆ ಮರಿಗಳಿಗೆ ಲಸಿಕೆ ಯಾರು ಹಾಕ್ತಾರೆ? ಅಷ್ಟು ಮೆತ್ತಗೆ ಹಿಡಿಯೋ ಕೈ ಎಲ್ಲಿ ತರ್ಲಿ?" ಅವರು ಬೇರೆ ಕಡೆ ನೋಡುತ್ತ ಹೇಳಿದರು. "ನಾಳೆಯಿಂದ ಆ ಕಡೆ ಕೂತ್ಕೊಳ್ಳಿ. ಯಂತ್ರಕ್ಕೆ ಗೊತ್ತಾಗದೆ ಉಳಿಯೋ ಮೊಟ್ಟೆಗಳನ್ನ ಆ ಹುಡುಗಿ ಮೇಡಂ ಜೊತೆ ಕೂತು ನೋಡ್ಲಿ. ಬಾಯಿ ಬಿಡೋದು ಕಲ್ತಿದಾಳಲ್ಲ."

ಎಲ್ಲರಿಗೂ ಜಾಗ ಸಿಗಲಿಲ್ಲ. ಹಿಂದಿನ ಸಾಲಿನ ಇಬ್ಬರು ಹೊಲಿಗೆ ಕೆಲಸಕ್ಕೆ ಹೋದರು. ಒಬ್ಬಳು ಹೋಗುವಾಗ ಗುಬ್ಬಿಯ ಮುಖ ನೋಡಲಿಲ್ಲ. ಇನ್ನೊಬ್ಬಳು ಭುಜ ತಟ್ಟಿ, "ಇನ್ಮೇಲೆ ಏನು ಕೆಲಸ ಅಂತ ಯಾರಾದ್ರೂ ಕೇಳಿದ್ರೆ ಧೈರ್ಯವಾಗಿ ಹೇಳಬಹುದು," ಎಂದು ಹೋದಳು. ಹುಂಜಗಳನ್ನು ಮಾರುವುದಿಲ್ಲ ಎಂದು ಯಜಮಾನರು ಹೇಳಿಬಿಟ್ಟಿದ್ದರು. ಯಂತ್ರ ನೋಡಲು ಬಂದವರಿಗೆ ತೋರಿಸಲು ಸಾಕ್ಷಿ ಬೇಕಲ್ಲ ಎಂಬುದು ಅವರು ಕೊಟ್ಟ ಕಾರಣ.

ಗಿರಣಿ ಬಿಚ್ಚಿದ ಮಧ್ಯಾಹ್ನ ಗುಬ್ಬಿ ಡಬ್ಬದಿಂದ ಕಾಳು ಹಾಕುತ್ತಿದ್ದಾಗ ಬಲೆಯ ಬಾಗಿಲು ಸದ್ದಾಯಿತು. ದೊಡ್ಡಮ್ಮ ಒಳಗೆ ಬಂದು ನಿಂತಿದ್ದಳು. ಇಷ್ಟು ದಿನ ಈ ಕಡೆ ಕಾಲಿಟ್ಟವಳಲ್ಲ. ಬೀದಿಯಲ್ಲಿ ಹುಂಜ ನೋಡಿರಲಿಲ್ಲವೆಂದಲ್ಲ. ಆದರೆ ತನ್ನ ಕೈ ದಾಟಿ ಹೋದದ್ದು ಬೆಳೆದು ನಿಂತದ್ದನ್ನು ಅವಳು ಜೀವಮಾನದಲ್ಲಿ ಕಂಡಿರಲಿಲ್ಲ. ಬಿಳಿ ಗರಿ, ಬಾಗಿದ ಬಾಲ, ನೆತ್ತಿಯ ಮೇಲೆ ಕೆಂಡದಂಥ ಜುಟ್ಟು.

"ಇಷ್ಟು ಎತ್ತರ ಆಗ್ತವಾ ಇವು?" ಎಂದಳು.

ಗುಬ್ಬಿ ಉತ್ತರಿಸುವ ಮೊದಲೇ ಒಂದು ಹುಂಜ ಬಂದು ದೊಡ್ಡಮ್ಮನ ಪಾದದ ಮೇಲೆ ನಿಂತು, ಬೆರಳಿನ ಉಗುರನ್ನು ಕಾಳೆಂದುಕೊಂಡು ಕುಟ್ಟಿತು.

"ಹಾಳಾದೋನೇ! ಎಷ್ಟು ಕೊಬ್ಬು ನೋಡು ಇವನಿಗೆ!" ದೊಡ್ಡಮ್ಮ ಬೈದಳು, ಕಾಲು ಮಾತ್ರ ಹಿಂದೆ ತೆಗೆದುಕೊಳ್ಳಲಿಲ್ಲ. ಸೀರೆ ಎತ್ತಿ ಕಟ್ಟಿ ಧೂಳಿನಲ್ಲೇ ಕೂತಳು. ಗುಬ್ಬಿಯ ಕಡೆಗೆ ಕೈ ಚಾಚಿದಳು.

"ಕೊಡಿಲ್ಲಿ ಆ ಡಬ್ಬ. ಹೀಗೆ ಒಂದೇ ಕಡೆ ಸುರಿದ್ರೆ ಹಿಂದಿನವಕ್ಕೆ ಏನ್ ಸಿಗತ್ತೆ ಮಗಳೇ?"